ಗೊಂಬೆ ಕೂರಿಸಲು ಬರುತ್ತದೆಯೇ? ಹಾಗಾದರೆ ‘ಸೆಟ್’ ಕೂಡ ಬರುತ್ತದೆ

ದಸರಾ ಹತ್ತಿರ ಬಂದಾಗ ಮೈಸೂರಿನ ಗೊಂಬೆ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು: ‘ಸೆಟ್ ಬೇಕಾ, ಬಿಡಿ ಬೇಕಾ?’ ದಶಾವತಾರದ ಸೆಟ್, ಮದುವೆ ಸೆಟ್, ಜಂಬೂ ಸವಾರಿ ಸೆಟ್. ಮನೆಗೆ ತಂದು, ಮೆಟ್ಟಿಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಲಿನ ಸಾಲಿಗೆ ಪಟ್ಟದ ಗೊಂಬೆ ಇಟ್ಟು, ಉಳಿದವನ್ನು ಒಂದೊಂದಾಗಿ ಕೂರಿಸುತ್ತೇವೆ. ಇಂಗ್ಲಿಷಿನ ‘ಸೆಟ್’ ಪದದ ಗುಟ್ಟು ಹೆಚ್ಚುಕಡಿಮೆ ಈ ಎರಡು ಕೆಲಸದಲ್ಲೇ ಇದೆ. ಅಂಗಡಿಯಿಂದ ತಂದದ್ದು ಒಂದು ‘ಸೆಟ್’. ಮನೆಯಲ್ಲಿ ಕೂರಿಸಿದ್ದು ಇನ್ನೊಂದು ‘ಸೆಟ್’.

ಪಿಯುಸಿ ಓದುವ ನನ್ನ ತಂಗಿಯ ಮಗಳು ಈ ಪದದ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದಳು. ಇಪ್ಪತ್ತೆರಡಕ್ಕೆ ಬಂದು ಸುಸ್ತಾಗಿದ್ದಳು. ಅದು ಮುಗಿಯುವ ಕೆಲಸವೇ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಸಿಕ್ಕಿದ್ದು ಈ ಪುಟ್ಟ ಪದಕ್ಕೆ. 400ಕ್ಕೂ ಹೆಚ್ಚು ಅರ್ಥ, ಸುಮಾರು 60,000 ಪದಗಳ ವಿವರಣೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು, ಆ ಮಾತು ಬೇರೆ. ಪಟ್ಟಿ ಪಕ್ಕಕ್ಕಿಡಿ. ವಾಕ್ಯದಲ್ಲಿ ‘ಸೆಟ್’ ಕಂಡಾಗ ಹೀಗೆ ನೋಡುತ್ತಾ ಹೋಗಿ.

ಹೆಜ್ಜೆ 1: ಅದು ಹೆಸರೋ, ಕೆಲಸವೋ?

‘ಸೆಟ್’ಗೆ ಮೊದಲು ‘ಎ’, ‘ದ’ ಅಥವಾ ಒಂದು ಸಂಖ್ಯೆ ಇದ್ದರೆ ಅದು ಹೆಸರು. ಆಗ ಮೊದಲು ‘ಗುಂಪು, ಜೊತೆ’ ಎಂದು ಊಹಿಸಿ. ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ. ಹೋಟೆಲಿನ ಸೆಟ್ ದೋಸೆ ಹಾಗೇ ಅಲ್ವಾ? ಎರಡೋ ಮೂರೋ ದೋಸೆ ಒಟ್ಟಿಗೆ ಬರುತ್ತವೆ. ಮಂಡ್ಯದ ಗದ್ದೆ ಬಯಲಿನ ಪಂಪ್‌ಸೆಟ್ಟೂ ಅದೇ: ಪಂಪು, ಅದನ್ನು ತಿರುಗಿಸುವ ಮೋಟರು, ಎರಡರ ಜೊತೆ. ಟೆನಿಸ್‌ನಲ್ಲಿ ಕೆಲವು ಗೇಮ್‌ಗಳು ಸೇರಿದರೆ ಒಂದು ಸೆಟ್. ಸಿನಿಮಾ ಸೆಟ್ ಮಾತ್ರ ಈ ಗುಂಪಿನದ್ದಲ್ಲ. ಅದು ನಿಲ್ಲಿಸಿದ್ದು, ಕೂರಿಸಿದ್ದು.

ಯಾಕೆ ಹೀಗೆ ಎರಡು ದಾರಿ? ಇವು ಮೂಲದಲ್ಲಿ ಎರಡು ಬೇರೆ ಪದಗಳು. ‘ಗುಂಪು’ ಎನ್ನುವ ‘ಸೆಟ್’ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಇರುವುದು ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಹಿಂಬಾಲಿಸುವವರು. ಪಂಥ ಎಂಬ ಅರ್ಥದ ‘ಸೆಕ್ಟ್’ ಇದರದ್ದೇ ಅಣ್ಣ. ಇನ್ನೊಂದು ‘ಸೆಟ್’ ಇಂಗ್ಲಿಷಿನ ಮನೆಮಗ. ಕಾಲಾಂತರದಲ್ಲಿ ಎರಡೂ ಒಂದೇ ಉಚ್ಚಾರಕ್ಕೆ ಬಂದು ಬೆರೆತುಹೋದವು.

ಹೆಜ್ಜೆ 2: ‘ಕೂರಿಸು’ ಹಾಕಿ ನೋಡಿ

ಇದು ನನಗೆ ತುಂಬಾ ಇಷ್ಟವಾದ ಹೆಜ್ಜೆ. ‘ಕೂರು’ಗೆ ‘ಇಸು’ ಸೇರಿದರೆ ‘ಕೂರಿಸು’. ಹಳೆಯ ಇಂಗ್ಲಿಷಿನ ಬೇರಿನಲ್ಲೂ ಇಂಥದ್ದೇ ಒಂದು ಉಪಾಯ ಇತ್ತು. ಸೇರಿಸಿದ ಬಾಲ ಸವೆದುಹೋಗಿ, ಒಳಗಿನ ಸ್ವರ ಬದಲಾದದ್ದು ಮಾತ್ರ ಉಳಿದಿದೆ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರ ಕಡಿದು ಬೀಳಿಸು.

ಈಗ ನಮ್ಮ ಮಾತನ್ನೇ ಗಮನಿಸಿ. ಮುರಿದ ಮೂಳೆ ಕೂರಿಸುತ್ತೇವೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಟ್ಯೂನಿಗೆ ಪದ ಕೂರಿಸುತ್ತೇವೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’! ಇದನ್ನು ಹೇಳಿದಾಗ ನಮ್ಮ ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ‘ದೊಡ್ಡಮ್ಮ, ಇದು ನಂಗೆ ಮೊದಲೇ ಗೊತ್ತಿತ್ತಲ್ಲ’ ಅಂದಳು. ಹೌದು, ಗೊತ್ತಿತ್ತು.

ಕೂರಿಸುವ ವಸ್ತು ಕಣ್ಣಿಗೆ ಕಾಣದ್ದಾದರೂ ದಾರಿ ಅದೇ. ಅಲಾರಂ ‘ಸೆಟ್’ ಮಾಡಿದರೆ ಮುಳ್ಳನ್ನು ಐದು ಗಂಟೆಯ ಮೇಲೆ ಕೂರಿಸಿದಂತೆ. ಕೇಂದ್ರ ಸರ್ಕಾರ ಪ್ರತಿವರ್ಷ ಕಬ್ಬಿಗೆ, ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ‘ಸೆಟ್’ ಮಾಡಿದರೆ ಬೆಲೆಯನ್ನು ಒಂದು ಅಂಕಿಯ ಮೇಲೆ ಕೂರಿಸಿದಂತೆ. ಬರೆಯುವಾಗ ನಿಗದಿ ಮಾಡಿತು, ಗೊತ್ತುಪಡಿಸಿತು ಎಂದು ಬರೆಯಿರಿ. ದಿನ, ಬೆಲೆ, ಗುರಿ, ನಿಯಮ ಯಾವುದೇ ಇರಲಿ, ‘ನಿಗದಿ’ ಸಾಕು. ಪ್ರಶ್ನೆಪತ್ರಿಕೆ ಆದರೆ ‘ತಯಾರಿಸು’.

ಹೆಜ್ಜೆ 3: ಯಾರೂ ಮಾಡದೆ ತಾನೇ ಆಗುತ್ತಿದೆಯಾ?

‘ಏನನ್ನು?’ ಎಂದು ಕೇಳಿ. ಉತ್ತರ ಸಿಗದಿದ್ದರೆ ವಸ್ತು ತಾನೇ ನೆಲೆಗೆ ಬರುತ್ತಿದೆ. ಹೆಪ್ಪು ಹಾಕಿದ ಹಾಲು ಮೊಸರಾಗಿ ‘ಸೆಟ್’ ಆಗುತ್ತದೆ. ಆಲೆಮನೆಯಲ್ಲಿ ಅಚ್ಚಿಗೆ ಸುರಿದ ಪಾಕ ಬೆಲ್ಲವಾಗಿ ‘ಸೆಟ್’ ಆಗುತ್ತದೆ. ಸೂರ್ಯ ‘ಸೆಟ್’ ಆದರೆ ಮುಳುಗುತ್ತಾನೆ, ಆಕಾಶದಿಂದ ಇಳಿದು ಕೂತಂತೆ.

ಸಿಮೆಂಟಿನ ‘ಸೆಟ್’ ಸ್ವಲ್ಪ ಬೇರೆ, ಮನೆ ಕಟ್ಟಿಸುವವರು ಗಮನಿಸಿ. ನಮ್ಮ ದೇಶದ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು ನೀರು ಬೆರೆಸಿದ ಮೇಲೆ 30 ನಿಮಿಷಕ್ಕೆ ಮೊದಲೇ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಆದರೆ ‘ಸೆಟ್ ಆಯ್ತು’ ಎಂದರೆ ಬಲ ಬಂತು ಎಂದಲ್ಲ, ಆಕಾರ ಹಿಡಿಯಿತು ಎಂದಷ್ಟೇ. ಬಲ ಬರಲು ದಿನಗಟ್ಟಲೆ ನೀರು ಹಾಕಬೇಕು.

ಹೆಜ್ಜೆ 4: ಹಿಂದಿನಿಂದ ಬರುವ ಬಾಲ ನೋಡಿ

ಇಲ್ಲಿ ಎಡವಿದರೆ ನಿಜಕ್ಕೂ ನಷ್ಟ. ಮಂಡ್ಯ ಕಡೆಯ ನಮ್ಮ ನೆಂಟರೊಬ್ಬರ ಜಮೀನಿನ ಕೇಸು ಕೆಳಗಿನ ಕೋರ್ಟಿನಲ್ಲಿ ಅವರ ಪರವಾಗಿಯೇ ಆಗಿತ್ತು. ಎದುರಿನವರು ಅಪೀಲು ಹೋದರು. ಅಲ್ಲಿಂದ ಬಂದ ಆದೇಶದಲ್ಲಿ, ಹಿಂದಿನ ತೀರ್ಪನ್ನು ‘ಸೆಟ್ ಅಸೈಡ್’ ಮಾಡಲಾಗಿದೆ ಎಂದಿತ್ತು. ಮನೆಯಲ್ಲಿ ಓದಿದ ಹುಡುಗ ‘ಪಕ್ಕಕ್ಕೆ ಇಟ್ಟಿದ್ದಾರೆ, ಇನ್ನೂ ತೀರ್ಮಾನ ಆಗಿಲ್ಲ’ ಎಂದ. ಅವರು ನಂಬಿ ಸುಮ್ನೆ ಕೂತರು. ನಿಜವಾದ ಅರ್ಥ: ಗೆದ್ದ ತೀರ್ಪು ರದ್ದಾಗಿದೆ. ಎರಡನೇ ಅಪೀಲಿಗೆ ಹೈಕೋರ್ಟಿಗೆ ಹೋಗಲು ಇರುವುದು 90 ದಿನ. ವಕೀಲರ ಬಾಗಿಲಿಗೆ ಹೋಗುವ ಹೊತ್ತಿಗೆ ಅದರಲ್ಲಿ 60 ದಿನ ಕಳೆದಿತ್ತು.

ಆದ್ದರಿಂದ ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ದುಡ್ಡನ್ನೋ ಸಮಯವನ್ನೋ ‘ಸೆಟ್ ಅಸೈಡ್’ ಮಾಡಿದರೆ ತೆಗೆದಿಟ್ಟಂತೆ. ಆದೇಶವನ್ನೋ ತೀರ್ಪನ್ನೋ ಮಾಡಿದರೆ ರದ್ದು ಮಾಡಿದಂತೆ.

ಉಳಿದ ಬಾಲಗಳು ಇಷ್ಟು ಅಪಾಯದವಲ್ಲ. ‘ಸೆಟ್ ಅಪ್’ ಶುರು ಮಾಡು, ಸ್ಥಾಪಿಸು. ‘ಸೆಟ್ ಔಟ್’ ಹೊರಡು. ‘ಸೆಟ್ ಆಫ್’ ಕೂಡ ಹೊರಡು, ಆದರೆ ಪಟಾಕಿಯ ಜೊತೆ ಬಂದರೆ ಹಚ್ಚು. ‘ಸೆಟ್ ಇನ್’ ಮಳೆಗಾಲದ್ದು: ಮುಂಗಾರು ಹಿಡಿದುಕೊಂಡಿತು. ‘ಸೆಟ್‌ಬ್ಯಾಕ್’ ಪತ್ರಿಕೆಯಲ್ಲಿ ಹಿನ್ನಡೆ, ಮನೆಯ ಪ್ಲಾನಿನಲ್ಲಿ ಸೈಟಿನ ಅಂಚಿಗೂ ಗೋಡೆಗೂ ನಡುವೆ ಬಿಡಬೇಕಾದ ಜಾಗ.

ಹೆಜ್ಜೆ 5: ಬರೆಯುವಾಗ ಎರಡು ಎಚ್ಚರ

ಈ ಪದಕ್ಕೆ ಭೂತಕಾಲದಲ್ಲೂ ಅದೇ ರೂಪ. ‘ಸೆಟ್ಟೆಡ್’ ಎಂಬುದು ಇಲ್ಲ. ‘ಶಿ’ ಆದಮೇಲೆ ಬರೀ ‘ಸೆಟ್’ ಇದ್ದರೆ ಕೆಲಸ ಆಗಿಹೋಗಿದೆ, ‘ಸೆಟ್ಸ್’ ಇದ್ದರೆ ಅವಳು ದಿನಾ ಮಾಡುತ್ತಾಳೆ.

ಎರಡನೆಯದು ನಮ್ಮದೇ ಮಾತಿನದ್ದು. ‘ಈ ಶರ್ಟು ನಿಂಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎನ್ನುತ್ತೇವೆ. ಕನ್ನಡದಲ್ಲಿ ಇದು ಚೆನ್ನಾಗಿ ಬೇರುಬಿಟ್ಟ ಬಳಕೆ, ಬಿಡುವ ಅಗತ್ಯ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಸೆಟ್’ ಹಾಕಬೇಡಿ. ಶರ್ಟಿಗೆ ‘ಸೂಟ್’, ಜನರಿಗೆ ‘ಗೆಟ್ ಅಲಾಂಗ್’.

ಅಭ್ಯಾಸಕ್ಕೆ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ಪ್ರತಿ ‘ಸೆಟ್’ಗೂ ಸುತ್ತು ಹಾಕಿ. ಟೆನಿಸ್ ಸುದ್ದಿಯಲ್ಲಿ ಗುಂಪು ಸಿಗುತ್ತದೆ, ಕ್ರಿಕೆಟ್ ಸುದ್ದಿಯಲ್ಲಿ ಗುರಿ ನಿಗದಿ ಮಾಡಿದ್ದು, ದಾಖಲೆ ಬರೆದದ್ದು, ಫೀಲ್ಡರ್‌ಗಳನ್ನು ನಿಲ್ಲಿಸಿದ್ದು ಸಿಗುತ್ತದೆ. ‘ಸೆಟ್ ಬ್ಯಾಟರ್’ ಎಂದು ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ. ಮೊದಲ ಇಪ್ಪತ್ತು ಎಸೆತ ತಾಳಿಕೊಂಡು, ಕಣ್ಣು ಕೈ ಎರಡೂ ಹೊಂದಿ, ಕ್ರೀಸಿನಲ್ಲಿ ಕೂತುಬಿಟ್ಟವರು.