ಬಿಎಸ್‌ಎ ಎಂ20: ನಂಬರ್ ನಂಬುವ ಮೊದಲು ಹೊಟ್ಟೆ ನೋಡಿ

ಬಳ್ಳಾರಿ, ರಾಯಚೂರು ಕಡೆ ಹಳೇ ಮಿಲಿಟರಿ ಗಾಡಿ ಮಾರುವವರು ಮೊದಲು ಹೇಳುವ ಮಾತು: "ಚಾಸಿಗೂ ಇಂಜಿನ್ನಿಗೂ ಒಂದೇ ನಂಬರ್ ಐತ್ರಿ ಸರ, ಪಕ್ಕಾ ಒರಿಜಿನಲ್." ಎಂ20 ಎಂದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಸಿದ ಬಿಎಸ್‌ಎ ಕಂಪನಿಯ ಮೋಟಾರ್‌ಸೈಕಲ್. ಅದರ ವಿಷಯದಲ್ಲಿ ನನ್ನ ಅನುಮಾನ ಶುರುವಾಗುವುದೇ ಈ ಮಾತಿನಿಂದ. ಯುದ್ಧಕಾಲದ ಎಂ20ಗೆ ಕಾರ್ಖಾನೆಯಲ್ಲೇ ಎರಡಕ್ಕೂ ಬೇರೆ ಬೇರೆ ನಂಬರ್ ಹೊಡೆಯುತ್ತಿದ್ದರು. ಒಂದೇ ಇದ್ದರೆ ನಡುವೆ ಯಾರೋ ಪಂಚ್ ಹಿಡಿದಿದ್ದಾರೆ.

ಇಂಜಿನ್ ನಂಬರ್ 'ಡಬ್ಲ್ಯುಎಂ20' ಎಂದು ಶುರುವಾದರೆ ಯುದ್ಧಕಾಲದ್ದು. 'ಎಕ್ಸ್‌ಎಂ', 'ವೈಎಂ', 'ಜೆಡ್‌ಎಂ' ಆಮೇಲಿನವು. ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಅಂಕಿಗಳಿರುವ ಜಾಗ ಅಕ್ಕಪಕ್ಕಕ್ಕಿಂತ ತಗ್ಗಾಗಿ, ಅರದ ಗೀರು ಒಂದೇ ದಿಕ್ಕಿಗೆ ಓಡಿದ್ದರೆ ಹಳೆಯದನ್ನು ಉಜ್ಜಿ ಹೊಸದು ಹೊಡೆದಿದ್ದಾರೆ.

ಆಮೇಲೆ ಗಾಡಿಯಡಿ ಮಲಗುವುದು. ಇಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಜೋಡಿಯಾಗಿಯೇ ಮಷಿನ್ ಮಾಡಿ, ಹೊಟ್ಟೆಯಡಿ ಎರಡರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತಾರೆ. ನಮ್ಮ ಕಡೆಯ ಗಾಡಿಯಲ್ಲಿ ಅದಿರಿನ ಕೆಂಪು ಧೂಳು ಎಣ್ಣೆ ಕುಡಿದು ಅಲ್ಲಿ ಕಲ್ಲಾಗಿರುತ್ತದೆ. ಡೀಸೆಲ್ ಸವರಿ ಅರ್ಧ ಗಂಟೆ ನೆನೆಯಲು ಬಿಟ್ಟು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಉಕ್ಕಿನದು ಅಂಕಿಯನ್ನೇ ತಿನ್ನುತ್ತದೆ. ಸಂಖ್ಯೆ ಹೊಂದದಿದ್ದರೆ ಅದು ಎರಡು ಇಂಜಿನ್ನಿನ ಹೋಳು. ಮೇನ್ ಬೇರಿಂಗ್‌ಗಳು ನೇರಕ್ಕೆ ಕೂರದೆ ಬೇಗ ಸವೆಯುತ್ತವೆ. ಮೇಲಿನ ನಂಬರನ್ನು ಚೆಂದ ಮಾಡುವವರು ಇಲ್ಲಿಗೆ ಬಗ್ಗುವುದು ಕಡಿಮೆ.

ಇಂಜಿನ್ನಿಗೆ ಕಿಡಿ, ದೀಪಕ್ಕೆ ಕರೆಂಟು ಎರಡನ್ನೂ ಕೊಡುವ ಲೂಕಾಸ್ ಮ್ಯಾಗ್‌ಡೈನೊ ಮೇಲೆ '8 43' ಇದ್ದರೆ 1943ರ ಆಗಸ್ಟ್. ಅದು ಆ ಭಾಗದ ವಯಸ್ಸು, ಗಾಡಿಯದಲ್ಲ. ಕಾರ್ಬುರೇಟರ್ ಅಮಲ್ 276 ಇರಬೇಕು, ಫ್ಲೋಟ್ ಬಟ್ಟಲು ಪಕ್ಕದಲ್ಲಿ ಬೇರೆಯಾಗಿ. ಬಟ್ಟಲು ಕೂಡಿಕೊಂಡೇ ಇರುವ ಮೊನೊಬ್ಲಾಕ್ ಬಂದದ್ದು 1950ರ ದಶಕದಲ್ಲಿ. ಮುಂದಿನ ಚಕ್ರಕ್ಕೆ ಗರ್ಡರ್ ಫೋರ್ಕ್, ಅಂದರೆ ಕೊಂಡಿಗಳ ಮೇಲೆ ಆಡುವ, ಸ್ಪ್ರಿಂಗ್ ಇರುವ ಚೌಕಟ್ಟು. ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಇದ್ದರೆ 1942ರ ಗಾಡಿ ಅನ್ನುವ ಮಾತು ಬಿಡಿ.

ನನಗೆ ಹೆಚ್ಚು ನಂಬಿಕೆ ನಟ್ಟು-ಬೋಲ್ಟಿನ ಮೇಲೆ. ಚಾಸಿಯಲ್ಲಿ ಬಹುಪಾಲು ಇಂಚಿಗೆ 26 ಹಲ್ಲಿನ ಸೈಕಲ್ ಥ್ರೆಡ್. ತಲೆಯ ಮೇಲೆ '8.8' ಇದ್ದರೆ ಮೆಟ್ರಿಕ್, ಅಂದರೆ ಈಚಿನದು. 5/16 ಇಂಚು ಎಂದರೆ 7.94 ಮಿ.ಮೀ.; ಆ ತೂತಿಗೆ 8 ಮಿ.ಮೀ. ಬೋಲ್ಟ್ ಹಚ್ಚಿದರೆ ಶುರುವಿಗೇ ಬಿಗಿಯುತ್ತದೆ, ಪಾನಾ ಹಾಕಿ ಜಗ್ಗಿದರೆ ಹಲ್ಲು ಕಿತ್ತು ಬರುತ್ತದೆ. ಒಂದೆರಡಿದ್ದರೆ ರಿಪೇರಿ ಅನ್ನೋಣ. ಗಾಡಿ ತುಂಬ ಅದೇ ಆದರೆ ಗುಜರಿಯಲ್ಲಿ ಕೂಡಿಸಿದ್ದು.

ಕಾಗದಕ್ಕೆ ಬಂದರೆ, ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿ. 1945ರಲ್ಲಿ ರಾಯಚೂರಿನಲ್ಲೇ ನೋಂದಣಿ ಆದದ್ದೆಂದು ಹೇಳಿ ಮೈಸೂರಿನ 'ಎಂವೈ' ನಂಬರ್ ತೋರಿಸಿದರೆ ಮರುನೋಂದಣಿಯ ದಾಖಲೆ ಕೇಳಿ. ಹಳೇ ವಿಂಟೇಜ್ ಗಾಡಿಗಳಿಗೆ 2021ರ ನಿಯಮ ಕೊಡುವ 'ವಿಎ' ನಂಬರ್ ಸರಣಿಗೆ 50 ವರ್ಷ ಎಣಿಸುವುದು ಮೊದಲ ನೋಂದಣಿಯಿಂದ. ಅದರ 20,000 ರೂಪಾಯಿ ಶುಲ್ಕ ಕಟ್ಟುವ ಮುಂಚೆ ಚಾಸಿ ನಂಬರ್ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. 3ನ್ನು 8 ಮಾಡುವುದು ಸುಲಭ.