ಮೂರು ಬೀಗದ ಪೆಟ್ಟಿಗೆ, ಸೆರಗಿನ ಗಂಟು

ನನ್ನ ಅಜ್ಜಿಯ ಮನೆಯಲ್ಲಿ ಭತ್ತದ ಪತ್ತಾಯಕ್ಕೆ ಒಂದೇ ಬೀಗ. ಕೀಲಿಕೈ ಅಜ್ಜಿಯ ಅಣ್ಣನ ಸೊಂಟದಲ್ಲಿ. ಕಾರ್ಕಳದ ಕಡೆಯ ಅಳಿಯಕಟ್ಟಿನ ಮನೆ ಅದು. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತದೆ, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ, ಎಲ್ಲ ಸರಿ. ಆದರೆ ಅಜ್ಜಿಗೆ ಒಂದು ಸೇರು ಭತ್ತ ಬೇಕಾದರೂ ಅಣ್ಣ ಗದ್ದೆಯಿಂದ ಬರುವವರೆಗೆ ಕಾಯಬೇಕಿತ್ತು. ಈ ಕಥೆಯನ್ನು ಅಮ್ಮ ನಗುತ್ತ ಹೇಳುತ್ತಿದ್ದಳು. ನಾನೂ ನಗುತ್ತಲೇ ಕೇಳಿದ್ದೆ. ಅದು ನಗುವ ಕಥೆಯಲ್ಲ ಅಂತ ಹೊಳೆದದ್ದು ಆಫ್ರಿಕಾದ ಮಲಾವಿ ದೇಶದಲ್ಲಿ, ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಾಗ.

ನಾನು ನರ್ಸ್, ಹೆರಿಗೆ ಮಾಡಿಸುವುದೇ ಕಸುಬು. ಮಂಗಳೂರಿನಲ್ಲಿ ಕಲಿತು, ಊರಿನ ಆಸುಪಾಸಿನಲ್ಲೇ ಹತ್ತು ವರ್ಷ ದುಡಿದು, 2009ರಲ್ಲಿ ಮಧ್ಯ ಮಲಾವಿಯ ಒಂದು ಮಿಷನ್ ಆಸ್ಪತ್ರೆಗೆ ಹೋದೆ. ಎರಡು ವರ್ಷಕ್ಕೆಂದು ಹೋದವಳು ಏಳು ವರ್ಷ ಉಳಿದೆ. ಹೊರಡುವ ಮುಂಚೆ ಕೈಗಿಟ್ಟ ಕಾಗದದಲ್ಲಿ 2004ರ ಸಮೀಕ್ಷೆಯ ಅಂಕಿಯಿತ್ತು: ಒಂದು ಲಕ್ಷ ಜೀವಂತ ಜನನಕ್ಕೆ 984 ತಾಯಂದಿರ ಸಾವು. ಓದಿದೆ, ಮಡಚಿ ಚೀಲಕ್ಕೆ ಹಾಕಿದೆ. ಅಂಕಿಗೆ ಮುಖ ಬರುವುದು ಆಮೇಲೆ.

ಅಲ್ಲಿ ಬಸುರಿ ಹೆಂಗಸು ಆಸ್ಪತ್ರೆಗೆ ಬರುವಾಗ ತನ್ನ ಹೆರಿಗೆಯ ಸಾಮಾನು ತಾನೇ ಹೊತ್ತು ತರಬೇಕು. ಹಾಸಲು ಒಂದು ಪ್ಲಾಸ್ಟಿಕ್ ಹಾಳೆ, ಒಂದು ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟಲು ದಾರ, ಒಂದು ಬೋಗುಣಿ, ಎರಡು ಮೂರು ಚಿತೆಂಜೆ. ಚಿತೆಂಜೆ ಅಂದರೆ ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ. ಮಗುವನ್ನು ಬೆನ್ನಿಗೆ ಕಟ್ಟುವುದೂ ಅದರಲ್ಲೇ, ಕಟ್ಟಿಗೆ ಹೊರೆಗೆ ಸಿಂಬಿಯೂ ಅದೇ. ಜೊತೆಗೊಬ್ಬಳು ಗಾರ್ಡಿಯನ್ ಬರುತ್ತಾಳೆ: ಅಮ್ಮನೋ ಅಕ್ಕನೋ. ಅವಳು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಒಲೆ ಹೂಡಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ತೊಳಸುತ್ತಾಳೆ. ನಮ್ಮ ಮುದ್ದೆಯ ಬಿಳಿ ತಂಗಿ ಅನ್ನಿ. ಇನ್ನು ಪ್ರತಿಯೊಬ್ಬರ ಕೈಯಲ್ಲೂ ಒಂದು ಚಿಕ್ಕ ಪುಸ್ತಕ, ಹೆಲ್ತ್ ಪಾಸ್‌ಪೋರ್ಟ್. ರೋಗಿಯ ಚರಿತ್ರೆಯೆಲ್ಲ ಅದರೊಳಗೇ ಇರುತ್ತದೆ. ಈ ಪುಸ್ತಕದ ವಿಷಯಕ್ಕೆ ಮತ್ತೆ ಬರುತ್ತೇನೆ.

ಎರಡನೆಯ ವರ್ಷದ ಮೇ ತಿಂಗಳು, ತಂಬಾಕು ಹರಾಜಿನ ಕಾಲ. ರಾತ್ರಿ ಒಂಬತ್ತಕ್ಕೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಒಬ್ಬಳನ್ನು ತಂದರು. ಹತ್ತೊಂಬತ್ತು ವರ್ಷ, ಚೊಚ್ಚಲು. ನೋವು ಶುರುವಾದದ್ದು ಬೆಳಗ್ಗಿನ ಜಾವದಲ್ಲಿ, ಅದೂ ಹಿಂದಿನ ದಿನದ್ದು. ಗರ್ಭಕೋಶ ಒಡೆದಿತ್ತು. ಹೆರಿಗೆ ಬೇಗ ಆಗಲೆಂದು ಮುದುಕಿಯರು ಕೊಡುವ ಮ್ವಾನಾಂಫೆಪೊ ಎಂಬ ಬೇರಿನ ಕಷಾಯ ಕುಡಿಸಿದ್ದರೋ ಇಲ್ಲವೋ, ಯಾರೂ ಒಪ್ಪಲಿಲ್ಲ. ಕ್ಲಿನಿಕಲ್ ಆಫೀಸರ್ ಹೊಟ್ಟೆ ತೆರೆದರು (ಅಲ್ಲಿ ಡಾಕ್ಟರು ಕಡಿಮೆ, ಸಿಸೇರಿಯನ್ ಮಾಡುವವರು ಬಹುಪಾಲು ಇವರೇ). ಇಬ್ಬರೂ ಉಳಿಯಲಿಲ್ಲ.

ಗಂಡ ಗೋಡೆಗೆ ಒರಗಿ ಕೂತಿದ್ದ. ಊರು ಬರೀ ಹದಿನಾಲ್ಕು ಕಿಲೋಮೀಟರ್, ಸೈಕಲ್ ಅವನದೇ. ನಿನ್ನೆಯೇ ಯಾಕೆ ತರಲಿಲ್ಲ ಅಂತ ಕೇಳಿದೆ. ಕೇಳಿದ ದನಿ ಒಳ್ಳೆಯದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅವನು ನೆಲ ನೋಡುತ್ತ ಹೇಳಿದ: "ಸಿಸ್ಟರ್, ನಾನು ಮ್ಕಾಮ್ವಿನಿ. ಅವಳ ಮಲುಮೆ ಲಿಲಾಂಗ್ವೆಗೆ ತಂಬಾಕು ಮಾರಲು ಹೋಗಿದ್ದರು. ಅವರು ಬರದೆ ನಾನು ಹೇಗೆ ಹೊರಡಿಸಲಿ?"

ಮಲುಮೆ ಅಂದರೆ ಸೋದರಮಾವ. ಮ್ಕಾಮ್ವಿನಿ ಅಂದರೆ ಹೆಂಡತಿಯ ಊರಿಗೆ ಬಂದು ನೆಲೆಸಿದ ಗಂಡ. ನಮ್ಮ ಮನೆ ಅಳಿಯ ಇದ್ದ ಹಾಗೆ. ಆ ಸೀಮೆಯ ಚೇವಾ ಜನರದ್ದು ತಾಯಿಯ ಸಾಲಿನ ಕುಟುಂಬ. ಅಕ್ಕತಂಗಿಯರು, ಅವರ ಮಕ್ಕಳು ಸೇರಿ ಒಂದು ಮ್ಬುಂಬಾ, ಅದರ ಯಜಮಾನಿಕೆ ಅವರ ಅಣ್ಣನದು ಅಥವಾ ಮಾವನದು. ಗಂಡ ಅಲ್ಲಿ ಹೊರಗಿನವನು. ಮದುವೆಗೆ ಎರಡೂ ಕಡೆಯಿಂದ ಜಾಮೀನು ನಿಲ್ಲುವ ನ್ಖೋಸ್ವೆ ಕೂಡ ಹೆಚ್ಚಾಗಿ ಮಾವನೇ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪತ್ತಾಯದ ಕೀಲಿಕೈ ಕಣ್ಣ ಮುಂದೆ ಬರುತ್ತಿತ್ತು. ನಮ್ಮಲ್ಲಿ 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಮಾವಂದಿರ ಸೊಂಟ ಹಗುರವಾಯಿತು. "ನಮ್ಮದು ಹೆಣ್ಣಿನ ಮನೆತನ" ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರ ನಡುವೆ ಬೆಳೆದವಳು ನಾನು. ಹೆಣ್ಣಿನ ಹೆಸರಲ್ಲಿ ಮನೆ ಇರುವುದೇ ಬೇರೆ, ಬಾಗಿಲು ತೆರೆಯುವ ಕೈ ಯಾರದು ಎಂಬುದೇ ಬೇರೆ.

ಮುಜುಗರದ ಸಂಗತಿಯೆಂದರೆ, ಆ ಹೊತ್ತಿಗೆ ನಮ್ಮ ಆಸ್ಪತ್ರೆಯಲ್ಲಿ ಆರು ತಿಂಗಳಿಂದ "ಗಂಡನನ್ನು ಕರೆದುಕೊಂಡು ಬನ್ನಿ" ಎಂಬ ಅಭಿಯಾನ ನಡೆಯುತ್ತಿತ್ತು. ಆಫ್ರಿಕಾದಲ್ಲಿ ಗಂಡಸರನ್ನು ಒಳಗೊಳ್ಳಬೇಕು ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನಾವು ಗಂಡನೊಂದಿಗೆ ಬಂದವಳಿಗೆ ಸಾಲಿನಲ್ಲಿ ಮೊದಲ ಜಾಗ ಕೊಟ್ಟೆವು. ಉತ್ಸಾಹದಿಂದ ಮಾಡಿದ್ದು ನಾನೇ. ಆದದ್ದೇನು? ಗಂಡ ಬಿಟ್ಟವಳು, ಗಂಡ ದಕ್ಷಿಣ ಆಫ್ರಿಕಾಕ್ಕೆ ದುಡಿಯಲು ಹೋದವಳು, ಮದುವೆಯೇ ಆಗದ ಹುಡುಗಿ, ಇವರೆಲ್ಲ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತರು. ಕೆಲವರು ಬರುವುದನ್ನೇ ಬಿಟ್ಟರು. ಒಬ್ಬ ಕಬಾಜಾ ಹುಡುಗ (ಸೈಕಲ್ಲಿನ ಹಿಂದೆ ಜನ ಕೂರಿಸಿಕೊಂಡು ಹೋಗುವ ಬಾಡಿಗೆಯವನು) ಒಂದೇ ತಿಂಗಳಲ್ಲಿ ಮೂವರು ಬಸುರಿಯರ ಗಂಡನಾಗಿ ಬಂದ. ಮೂರನೆಯ ಸಲ ಗುರುತು ಹಿಡಿದೆ. ಅವನು ನಾಚಲೂ ಇಲ್ಲ: "ಬಾಡಿಗೆಗೆ ಇನ್ನೊಂದಿಷ್ಟು ಸೇರಿಸಿ ಕೊಡುತ್ತಾರೆ, ಸಿಸ್ಟರ್." ಇಷ್ಟೆಲ್ಲ ಮಾಡಿ ನಾವು ಕರೆಯುತ್ತಿದ್ದದ್ದು ತೀರ್ಮಾನ ಮಾಡದ ಗಂಡಸನ್ನು.

ತಾಯಂದಿರ ಸಾವಿಗೆ ಮೂರು ತಡಗಳು ಅಂತ 1994ರಿಂದಲೂ ಎಲ್ಲ ಪಾಠಗಳಲ್ಲೂ ಇದೆ. ಹೊರಡುವ ತೀರ್ಮಾನದ ತಡ, ದಾರಿಯ ತಡ, ಆಸ್ಪತ್ರೆ ಸೇರಿದ ಮೇಲಿನ ತಡ. ಮೂರನೆಯದು ನಮ್ಮದೇ ಪಾಪ: ರಕ್ತ ಇಲ್ಲ, ಜನರೇಟರಿಗೆ ಡೀಸೆಲ್ ಇಲ್ಲ, ರಾತ್ರಿ ಪಾಳಿಗೆ ಒಬ್ಬಳೇ ನರ್ಸು. ಎರಡನೆಯದಕ್ಕೆ ಸರ್ಕಾರ ಬೇಕು. ಮೊದಲನೆಯದಕ್ಕಾದರೂ ಕೈ ಹಾಕೋಣ ಅಂದುಕೊಂಡೆ.

ಮ್ಚಿಂಜಿ ಜಿಲ್ಲೆಯಲ್ಲಿ ಆಗ ಮಾಯಿಮ್ವಾನಾ ಎಂಬ ಯೋಜನೆಯವರು ಹೆಂಗಸರ ಗುಂಪುಗಳನ್ನು ಕಟ್ಟಿದ್ದರು. ಉಪನ್ಯಾಸ ಕೊಡುವುದಿಲ್ಲ, ಚಿತ್ರ ತೋರಿಸಿ ಅವರಿಂದಲೇ ತೊಂದರೆ ಹೇಳಿಸುವುದು, ಅವರೇ ಆರಿಸುವುದು, ಅವರೇ ದಾರಿ ಹುಡುಕುವುದು. ಇದೇ ಕ್ರಮ ನೇಪಾಳದ ಮಕ್ವಾನ್‌ಪುರದಲ್ಲಿ, ನಮ್ಮ ಜಾರ್ಖಂಡ್ ಒಡಿಶಾದ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವನ್ನು ತಗ್ಗಿಸಿತ್ತು. ಅದನ್ನೇ ನಾವು ನಾಲ್ಕು ಹಳ್ಳಿಗಳಲ್ಲಿ ನಮಗೆ ತಿಳಿದ ಮಟ್ಟಿಗೆ ಶುರುಮಾಡಿದೆವು. ಅಲ್ಲಿನವರ ಮಾತು ಚಿಚೇವಾ, ನನ್ನದು ಆಗಿನ್ನೂ ಮಾರುಕಟ್ಟೆಯ ಚಿಚೇವಾ. ಭಾಷೆಗೆ ನೆರವಾದವನು ಊರಿನ ಆರೋಗ್ಯ ಕಾರ್ಯಕರ್ತ. ಗಂಡಸು. ಅಲ್ಲಿ ಆ ಕೆಲಸದಲ್ಲಿ ಗಂಡಸರೇ ಹೆಚ್ಚು, ನಮ್ಮ ಆಶಾ ಅಕ್ಕಂದಿರ ಹಾಗಲ್ಲ. ಹೆರಿಗೆಯ ಮಾತು ಬಂದಾಗ ಅವನನ್ನು ಹೆಂಗಸರು ಮಾವಿನ ಮರದ ಆಚೆಗೆ ಕಳಿಸುತ್ತಿದ್ದರು. ಆಮೇಲೆ ನಾನು, ನನ್ನ ಅರೆಬರೆ ಚಿಚೇವಾ, ಕೈಸನ್ನೆ.

ನೆಲದ ಮೇಲೆ ಚಿತ್ರದ ಕಾರ್ಡುಗಳನ್ನಿಟ್ಟು ಒಬ್ಬೊಬ್ಬರಿಗೂ ಮೂರು ಮೂರು ಕಲ್ಲು ಕೊಟ್ಟೆವು. ಯಾವುದು ದೊಡ್ಡ ತೊಂದರೆಯೋ ಅದರ ಮೇಲೆ ಕಲ್ಲಿಡಬೇಕು. ರಕ್ತಸ್ರಾವದ ಮೇಲೆ ಬೀಳುತ್ತವೆ ಅಂತ ನನ್ನ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಕಲ್ಲು ಬಿದ್ದದ್ದು ಸೈಕಲ್ಲಿನ ಚಿತ್ರದ ಮೇಲೆ. ಸೈಕಲ್ ಇಲ್ಲವೇ ಅಂದರೆ, ಉಂಟು. ಬಾಡಿಗೆಗೆ ದುಡ್ಡಿಲ್ಲವೇ? ಅದೂ ಸ್ವಲ್ಪ ಉಂಟು. ಮತ್ತೆ? ಒಬ್ಬ ಮುದುಕಿ ಹೇಳಿದಳು: "ಸೈಕಲ್ ನಿಂತಿರುತ್ತದೆ. ಹತ್ತಿ ಹೊರಡು ಅನ್ನುವವರು ಬಂದಿರುವುದಿಲ್ಲ."

ಚಿಚೇವಾದಲ್ಲಿ ಬಸುರಿಗೆ 'ಪಕಾತಿ' ಅನ್ನುತ್ತಾರೆ. ಆ ಮಾತಿಗೆ 'ನಡುವೆ' ಎಂಬ ಅರ್ಥವೂ ಇದೆ. ಅವತ್ತು ಆ ಅರ್ಥವೇ ಕಿವಿಯಲ್ಲಿ ಉಳಿಯಿತು.

ಮುಂದಿನದು ಹೆಂಗಸರದೇ ಉಪಾಯ, ನನ್ನದಲ್ಲ. ಏಳನೆಯ ತಿಂಗಳಲ್ಲಿ ಮಾವನನ್ನೂ ಗಂಡನನ್ನೂ ಊರಿನ ಮ್ಫುಮು, ಅಂದರೆ ಮುಖ್ಯಸ್ಥನ ಅಂಗಳಕ್ಕೆ ಕರೆಸಿ, ನೋವು ಬಂದಾಗ ಯಾರನ್ನೂ ಕೇಳದೆ ಹೊರಡಬಹುದು ಅಂತ ಮೊದಲೇ ಬಾಯಿಬಿಡಿಸುವುದು. ನಾನು ಮಾಡಿದ್ದಿಷ್ಟೇ: ಆ ಮಾತನ್ನು ಹೆಲ್ತ್ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಬರೆದು ಮಾವನ ಹೆಬ್ಬೆಟ್ಟು ಹಾಕಿಸಿದೆ.

ನಮ್ಮಲ್ಲಿದ್ದ ಒಬ್ಬ ಮಲಾವಿಯ ಚಿಕ್ಕ ವಯಸ್ಸಿನ ನರ್ಸಿಗೆ ಇದು ಒಂಚೂರೂ ಹಿಡಿಸಲಿಲ್ಲ. "ಅವಳ ಮೈಗೆ ಮಾವನ ಹೆಬ್ಬೆಟ್ಟು ಯಾಕೆ? ನೀವು ಅವನ ಯಜಮಾನಿಕೆಯನ್ನು ಪುಸ್ತಕಕ್ಕೆ ಏರಿಸುತ್ತಿದ್ದೀರಿ." ಅವಳು ಹೇಳಿದ್ದು ಸರಿ. ಈಗಲೂ ಅದಕ್ಕೆ ನನ್ನ ಬಳಿ ಪೂರಾ ಉತ್ತರ ಇಲ್ಲ. ಮುಂದಿನ ತಿಂಗಳು ಹೆರುವವಳಿಗೆ ಸಮಾನತೆ ಬರುವವರೆಗೆ ಕಾಯಿರಿ ಅನ್ನಲಾಗುವುದಿಲ್ಲ ಅಂದೆ. ಅವಳು ಭುಜ ಕುಣಿಸಿ ಹೋದಳು. ಆದರೆ ಹೆಬ್ಬೆಟ್ಟಿನ ಶಾಯಿ ಡಬ್ಬಿ ತಂದುಕೊಟ್ಟದ್ದು ಅವಳೇ.

ಇದೇ ಪುಸ್ತಕದ ಇನ್ನೊಂದು ಗುಟ್ಟು ಆಮೇಲೆ ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಮಕ್ಕಳಾಗದ ಸೂಜಿ ಹಾಕಿಸಿಕೊಳ್ಳುವವರಲ್ಲಿ ಹಲವರ ಬಳಿ ಎರಡು ಪಾಸ್‌ಪೋರ್ಟ್. ಮನೆಯಲ್ಲಿಡುವುದು ಒಂದು, ಸೂಜಿಯದು ಇನ್ನೊಂದು. ಎರಡನೆಯದನ್ನು ನಮ್ಮ ಕಪಾಟಿನಲ್ಲೇ ಬಿಟ್ಟು ಹೋಗುತ್ತಿದ್ದರು. ಕಪಾಟು ತುಂಬಿತು. ಲೆಕ್ಕ ತಪಾಸಣೆಗೆ ಬಂದವರು ಇವೇನೆಂದು ಕೇಳಿದರು, ಹಳೆಯ ಕಡತ ಅಂದೆ.

2012ರಲ್ಲಿ ಜಾಯ್ಸ್ ಬಾಂಡಾ ಅಧ್ಯಕ್ಷೆಯಾದ ಮೇಲೆ ಸುರಕ್ಷಿತ ತಾಯ್ತನದ ಕಾರ್ಯಕ್ರಮಕ್ಕೆ ಊರ ಮುಖ್ಯಸ್ಥರನ್ನು ಎಳೆದು ತಂದರು. ಆಸ್ಪತ್ರೆಗಳ ಪಕ್ಕ ಬಸುರಿಯರು ಬಂದು ಕಾಯುವ ಮನೆಗಳು ಎದ್ದವು, ಅದು ಒಳ್ಳೆಯ ಕೆಲಸ. ಬಿತ್ತನೆ ಕಾಲದಲ್ಲಿ ಮಾತ್ರ ಅವು ಖಾಲಿ. ಮುಖ್ಯಸ್ಥರ ಕೈಗೆ ಅಧಿಕಾರ ಸಿಕ್ಕರೆ ಏನೆಲ್ಲ ಆಗಬಹುದು ಎಂಬುದಕ್ಕೆ ಡೆಡ್ಜಾ ಜಿಲ್ಲೆಯ ಹಿರಿಯ ಮುಖ್ಯಸ್ಥೆ ಥೆರೆಸಾ ಕಚಿಂದಮೋಟೊ ಇದ್ದರು. ನೂರಾರು ಬಾಲ್ಯವಿವಾಹಗಳನ್ನು ಮುರಿಸಿ ಹುಡುಗಿಯರನ್ನು ಶಾಲೆಗೆ ಕಳಿಸಿದಾಕೆ, ಮಾತು ಕೇಳದ ಕೆಳಗಿನ ಮುಖ್ಯಸ್ಥರನ್ನೇ ಅಮಾನತು ಮಾಡಿದಾಕೆ. ಮದುವೆಗೆ ಹದಿನೆಂಟು ಎಂಬ ಕಾಯ್ದೆ ಬಂದದ್ದು 2015ರಲ್ಲಿ. ಹದಿನೈದು ದಾಟಿದರೆ ಹೆತ್ತವರ ಒಪ್ಪಿಗೆ ಸಾಕು ಎಂದು ಸಂವಿಧಾನದಲ್ಲಿ ಉಳಿದಿದ್ದ ಕಂಡಿಯನ್ನು ಮುಚ್ಚಲು 2017 ಬರಬೇಕಾಯಿತು. ಅಷ್ಟರಲ್ಲಿ ನಾನು ಊರಿಗೆ ಮರಳಿದ್ದೆ.

ಅದೇ ಅಧಿಕಾರದ ಇನ್ನೊಂದು ಮುಖ ದಂಡ. ಮನೆಯಲ್ಲಿ ಹೆತ್ತರೆ ಕೋಳಿ ಅಥವಾ ಆಡು ಕೊಡಬೇಕು ಅಂತ ಹಲವು ಕಡೆ ಕಟ್ಟಳೆ ಮಾಡಿದರು. ಆಸ್ಪತ್ರೆ ಹೆರಿಗೆಯ ಸಂಖ್ಯೆ ಏರಿತು, ಮೇಲಿನವರಿಗೆ ಖುಷಿ. ನನ್ನ ಅನುಭವದಲ್ಲಿ ದಂಡ ತೆತ್ತವಳು ಅಂಬುಲೆನ್ಸಿಗೆ ಕಾದು ಕಾದು ದಾರಿ ಬದಿಯಲ್ಲಿ ಹೆತ್ತವಳು. ಆಡಿನ ಹೆದರಿಕೆಗೆ ಕೂಸನ್ನೇ ಅಡಗಿಸಿಟ್ಟು ಲಸಿಕೆಗೂ ತರದವರಿದ್ದರು. ಮಾವನಿಗೆ ದಂಡ ಹಾಕಿದ ಒಂದು ಊರನ್ನೂ ನಾನು ಕಾಣಲಿಲ್ಲ.

ಇನ್ನು ದುಡ್ಡು. ಮಲಾವಿಯ ಹಳ್ಳಿಗಳಲ್ಲಿ 'ಬಂಕಿ ಮ್ಖೊಂಡೆ' ಉಂಟು. ಹೆಸರಿನ ಅರ್ಥವೇ ಜಗಲಿ ಬ್ಯಾಂಕು. ನಮ್ಮ ಸ್ವಸಹಾಯ ಸಂಘದ ದೂರದ ನೆಂಟ. ಈ ಬಗೆಯ ಉಳಿತಾಯ ಗುಂಪು ಶುರುವಾದದ್ದು 1991ರಲ್ಲಿ, ನೈಜರ್ ದೇಶದ ಮರಾಡಿ ಸೀಮೆಯಲ್ಲಿ. ಬ್ಯಾಂಕಿಗೆ ಕಟ್ಟುವುದಿಲ್ಲ, ದುಡ್ಡೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿಕೈ ಮೂರು ಹೆಂಗಸರ ಬಳಿ. ಮೊದಲ ಸಲ ಅದನ್ನು ಕಂಡಾಗ ಅಜ್ಜಿ ಇದ್ದಿದ್ದರೆ ತೋರಿಸಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು. ಆಪತ್ತಿನ ನಿಧಿಗೆಂದು ವಾರ ವಾರ ಒಬ್ಬೊಬ್ಬರೂ ಚೂರು ಬೇರೆ ಹಾಕುತ್ತಾರೆ. ಹೆರಿಗೆಯ ಬಾಡಿಗೆ ಅದರಿಂದ ಅಂತ ತೀರ್ಮಾನವಾಯಿತು.

ಎರಡನೆಯ ತಿಂಗಳಲ್ಲೇ ಕೈಕೊಟ್ಟಿತು. ರಾತ್ರಿ ಒಬ್ಬಳಿಗೆ ನೋವು. ಪೆಟ್ಟಿಗೆ ತಂದಿಟ್ಟರು. ಎರಡು ಕೀಲಿಕೈ ಬಂದವು, ಮೂರನೆಯವಳು ಪಕ್ಕದ ಊರಿಗೆ ಸಾವಿನ ಮನೆಗೆ ಹೋಗಿದ್ದಾಳೆ. ಮಾವನ ಅಪ್ಪಣೆ ಪುಸ್ತಕದಲ್ಲಿದೆ, ದುಡ್ಡು ಕಣ್ಣೆದುರಿಗಿದೆ, ಬೀಗ ಬಿಡುತ್ತಿಲ್ಲ. ಪುಣ್ಯಕ್ಕೆ ಕಬಾಜಾದವನು ಸಾಲಕ್ಕೆ ಬಂದ. ಹಿಂದೆ ಬಾಡಿಗೆ ಗಂಡನಾಗಿದ್ದ ಅದೇ ಹುಡುಗ, ಅವನಿಗೆ ಈ ಒಂದು ಮಾತಾದರೂ ಸಲ್ಲಬೇಕು.

ಮುಂದಿನ ಸಭೆಯಲ್ಲಿ ಪೆಟ್ಟಿಗೆ ದುರಸ್ತಿಯ ಮಾತೇ ಬರಲಿಲ್ಲ. ಹೆರಿಗೆಯ ದುಡ್ಡನ್ನು ಹೊರಗೆ ತೆಗೆದು, ರಾತ್ರಿ ಎಲ್ಲಿಗೂ ಹೋಗದ ಒಬ್ಬ ಮುದುಕಿಗೆ ಕೊಟ್ಟರು. ಅವಳು ಅದನ್ನು ಚಿತೆಂಜೆಯ ಮೂಲೆಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಅಮ್ಮಂದಿರು ಸೆರಗಿಗೆ ಹಾಕುತ್ತಿದ್ದರಲ್ಲ, ಅದೇ ಗಂಟು. ಲೆಕ್ಕ ಬರೆಯುತ್ತಿರಲಿಲ್ಲ, ತಪ್ಪುತ್ತಲೂ ಇರಲಿಲ್ಲ. ನಮ್ಮ ದಾನಿಗಳ ವರದಿಯಲ್ಲಿ ಇದನ್ನು ಹೇಗೆ ಬರೆಯುವುದೆಂದು ಆಡಳಿತದವರು ಒಂದು ವಾರ ತಲೆ ಕೆಡಿಸಿಕೊಂಡರು.

2015ರಿಂದ 16ರವರೆಗೆ ನಡೆದ ಸಮೀಕ್ಷೆಯಲ್ಲಿ ಆ 984, 439ಕ್ಕೆ ಇಳಿದಿತ್ತು. ಅದರಲ್ಲಿ ನಮ್ಮ ನಾಲ್ಕು ಹಳ್ಳಿಗಳ ಪಾಲು ಸಾಸಿವೆಯಷ್ಟೂ ಇರಲಿಕ್ಕಿಲ್ಲ. 2011ರಿಂದ ಎಚ್‌ಐವಿ ಇರುವ ಎಲ್ಲ ಬಸುರಿಯರಿಗೂ ಜೀವನಪೂರ್ತಿ ಮಾತ್ರೆ ಕೊಡಲು ಶುರುಮಾಡಿದ್ದು ಅದಕ್ಕಿಂತ ಎಷ್ಟೋ ದೊಡ್ಡ ಕೆಲಸ. ಅಂಥದ್ದನ್ನು ಮೊದಲು ಮಾಡಿದ ದೇಶ ಅದು.

2015ರ ಜನವರಿ, ಜಡಿಮಳೆ. ನಡುರಾತ್ರಿ ಎರಡು ಗಂಟೆಗೆ ಕೆಸರು ಮೆತ್ತಿದ ಸೈಕಲ್ಲಿನಲ್ಲಿ ಒಬ್ಬಳು ಬಂದಳು. ಗಂಡ ಹಿಂದಿನಿಂದ ತಳ್ಳಿಕೊಂಡು ಬಂದಿದ್ದ. ಮಗು ಅಡ್ಡ. ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು, ಸಿಸೇರಿಯನ್ ಆಯಿತು, ಇಬ್ಬರೂ ಉಳಿದರು. ಮೂರನೆಯ ದಿನ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಅವಳ ಮಲುಮೆ ಬಂದ. ಮುಖ ಉಬ್ಬಿಸಿಕೊಂಡಿದ್ದ. "ನನ್ನನ್ನು ಕೇಳದೆ ಹೊಟ್ಟೆ ಕೊಯ್ದಿರಂತೆ?"

ಪುಸ್ತಕ ತಂದು ಕೊನೆಯ ಪುಟ ತೋರಿಸಿದೆ. ಅವನದೇ ಹೆಬ್ಬೆಟ್ಟು. ಅವನು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ. ಆರೋಗ್ಯ ಕಾರ್ಯಕರ್ತನಿಂದ ಎರಡು ಸಲ ಓದಿಸಿದ. "ಇದರಲ್ಲಿ ಹೊರಡಬಹುದು ಅಂತ ಇದೆ. ಕೊಯ್ಯಬಹುದು ಅಂತ ಇಲ್ಲ."

ನಿಜಕ್ಕೂ ಇರಲಿಲ್ಲ.

"ಯಾವ ಮಗು?" ಅಂತ ಕೇಳಿದ. ಹೆಣ್ಣು ಅಂದೆ. ತಾಯಿಯ ಸಾಲಿನ ಮನೆ ಅಲ್ವಾ, ಮುಖದ ಗಂಟು ಒಂದು ಸುತ್ತು ಸಡಿಲವಾಯಿತು. ಕೋಳಿಯನ್ನು ಹಿಂದಿನ ಅಂಗಳದಲ್ಲಿ ಒಲೆ ಊದುತ್ತಿದ್ದ ಅಕ್ಕನ ಕೈಗೆ ಕೊಟ್ಟು, ಅಲ್ಲೇ ಕಲ್ಲಿನ ಮೇಲೆ ಕೂತ. ಆ ವಾರದಿಂದ ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಬರೆಯತೊಡಗಿದೆವು: ಆಪರೇಷನ್ ಬೇಕಾದರೆ ಅದಕ್ಕೂ ಕೇಳಬೇಕಾಗಿಲ್ಲ. ಮೊದಲ ಹೆಬ್ಬೆಟ್ಟು ಅವನದೇ, ಇನ್ನೊಬ್ಬ ಸೋದರಸೊಸೆಯ ಪುಸ್ತಕದಲ್ಲಿ.