ಎದುರಿನಿಂದ ಕಲಿತ ಎಡಗೈ

ನಾನು ಇಸ್ಪೀಟು ಎಲೆ ಹಿಡಿದದ್ದು ಆಟ ಆಡೋಕಲ್ಲ. ಇದನ್ನು ಅಜ್ಜಿಗೆ ಹೇಳಿ ಒಪ್ಪಿಸೋದು ಹೇಗೆ? ಪೇಪರಿನಲ್ಲಿ ಆಗಾಗ ‘ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ’ ಅಂತ ಓದುವವರು ಅವರು. ಮನೆಯಲ್ಲಿ ಒಂದು ಪ್ಯಾಕ್ ಕಂಡರೂ ‘ಯಾರ ಮನೆ ಹಾಳು ಮಾಡೋಕೋ ಇದು?’ ಅನ್ನುತ್ತಿದ್ದರು. ಹಾಗಾಗಿ ಮೊದಲ ಆರು ತಿಂಗಳು ಬಾಗಿಲು ಹಾಕಿಕೊಂಡು, ಹಾಸಿಗೆ ಮೇಲೆ ಕೂತು ಕಲಿತೆ. ಹಾಸಿಗೆ ಮೇಲಾದರೆ ಎಲೆ ಬಿದ್ದರೂ ಸದ್ದಾಗಲ್ಲ, ಎತ್ತಿಕೊಳ್ಳೋದೂ ಸುಲಭ. ಒಂದೇ ಕಷ್ಟ, ಫ್ಯಾನ್ ಹಾಕುವಂತಿಲ್ಲ.

ಇದಕ್ಕೆ ಕಾರ್ಡಿಸ್ಟ್ರಿ ಅಂತಾರೆ. ಜೂಜೂ ಅಲ್ಲ, ಜಾದೂನೂ ಅಲ್ಲ. 52 ಎಲೆಗಳನ್ನು ಬೆರಳುಗಳ ನಡುವೆ ಒಡೆದು, ತಿರುಗಿಸಿ, ಬೀಸಣಿಗೆ ಮಾಡಿ, ಮತ್ತೆ ಒಂದಾಗಿಸೋದು. ಜಾದೂಗಾರನ ಗುಟ್ಟು ರಟ್ಟಾದರೆ ಅಲ್ಲಿಗೆ ಆಟ ಮುಗಿಯಿತು. ಇಲ್ಲಿ ಬಚ್ಚಿಡೋಕೆ ಏನಿದೆ? ಎಲ್ಲ ಕೈ ಮೇಲೇ ಇದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಕಲಿತದ್ದು ಚಾರ್ಲಿಯರ್ ಕಟ್. ಒಂದೇ ಕೈಯಲ್ಲಿ ಪ್ಯಾಕನ್ನು ಎರಡು ಮಾಡಿ ಮೇಲೆ ಕೆಳಗೆ ಮಾಡುವ ಹಳೇ ವಿದ್ಯೆ. ಇಲ್ಲೇ ಹೇಳಿಬಿಡ್ತೀನಿ. ಪ್ಯಾಕನ್ನು ಅಂಗೈಗೆ ತಾಗಿಸದೆ ಬೆರಳ ತುದಿಯಲ್ಲಿ ಎತ್ತಿ ಹಿಡಿಯಿರಿ. ಒಂದು ಉದ್ದ ಅಂಚಿಗೆ ಹೆಬ್ಬೆರಳು, ಇನ್ನೊಂದಕ್ಕೆ ನಡುಬೆರಳು ಮತ್ತು ಉಂಗುರಬೆರಳು. ಹೆಬ್ಬೆರಳನ್ನು ಸ್ವಲ್ಪ ಸಡಿಲಿಸಿದರೆ ಕೆಳಗಿನ ಅರ್ಧ ಅಂಗೈಗೆ ಬೀಳುತ್ತೆ. ಅದರ ಅಂಚನ್ನು ತೋರುಬೆರಳಿನಿಂದ ಹೆಬ್ಬೆರಳಿನ ಕಡೆಗೆ ಮೇಲಕ್ಕೆ ತಳ್ಳಿ. ಅದು ಮೇಲಿನ ಅರ್ಧವನ್ನು ದಾಟಿದ ಕೂಡಲೇ ಮೇಲಿನದು ಕೆಳಗೆ ಇಳಿಯುತ್ತೆ. ಮುಚ್ಚಿ. ಕಿರುಬೆರಳು ಮಾತ್ರ ಚಿಕ್ಕ ಅಂಚಿನಲ್ಲಿ ಕಾವಲು ನಿಲ್ಲಬೇಕು, ಇಲ್ಲದಿದ್ದರೆ ಎಲೆ ಹಿಂದಕ್ಕೆ ಜಾರುತ್ತೆ. ಈ ಕಿರುಬೆರಳಿನ ಮಾತು ನನಗೆ ಯಾರೂ ಹೇಳಲಿಲ್ಲ. ಎರಡು ವಾರ ಎಲೆ ಹೆಕ್ಕಿದ್ದೇ ಹೆಕ್ಕಿದ್ದು.

ಆಮೇಲೆ ಸಿಬಿಲ್‌ಗೆ ಬಂದೆ. ಎರಡು ಕೈಗಳ ನಡುವೆ ಪ್ಯಾಕ್ ಹಲವು ಕಂತೆಗಳಾಗಿ ಬಿಚ್ಚಿಕೊಳ್ಳುವ ಕಟ್ ಅದು. ಅಮೆರಿಕದ ಕ್ರಿಸ್ ಕೆನ್ನರ್ 1992 ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ಬಿಡಿಸಿ ಹೇಳಿದರು. ಅದರಿಂದ ಹುಟ್ಟಿದ ಮರಿ ಕಟ್‌ಗಳಿಗೆ ಲೆಕ್ಕವಿಲ್ಲ. ಅವರು ಅದನ್ನು ಇಟ್ಟುಕೊಂಡು ಕೂತಿದ್ದರೆ ನಮ್ಮ ಹವ್ಯಾಸ ಅರ್ಧಕ್ಕರ್ಧ ಬಡವಾಗುತ್ತಿತ್ತು. ಆ ಪುಸ್ತಕ ನನ್ನ ಕೈಗೆಲ್ಲಿ ಸಿಗಬೇಕು? ಯಾರೋ ಎದುರಿನಿಂದ ತೆಗೆದ ವಿಡಿಯೋವನ್ನು ಕಾಲು ವೇಗಕ್ಕೆ ಇಳಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕನ್ನಡಿ ನೋಡಿದ ಹಾಗೆ ನಕಲು ಮಾಡಿದೆ. ಅವರ ಬಲಗೈ ಕೆಲಸವೆಲ್ಲ ನನ್ನ ಎಡಗೈಗೆ ಬಂತು. ನಾನು ಎಡಚನಲ್ಲ, ಬರೆಯೋದು ಉಣ್ಣೋದು ಎಲ್ಲ ಬಲಗೈಯಲ್ಲೇ. ತಪ್ಪು ಗೊತ್ತಾಗುವ ಹೊತ್ತಿಗೆ ಬೆರಳು ಪಳಗಿಬಿಟ್ಟಿದ್ದವು.

ಬೆಂಗಳೂರಿಗೆ ಬಂದ ಮೇಲೆ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಐದಾರು ಜನ ಸೇರತೊಡಗಿದೆವು. ನಮಗಿಂತ ಚೆನ್ನಾಗಿ ಮಾಡುವ ಒಬ್ಬರಿದ್ದರು. ನೋಡೋಕೆ ಬಿಡುತ್ತಿದ್ದರು, ಆದರೆ ಎದುರಿನಿಂದ ಮಾತ್ರ. ಪಕ್ಕಕ್ಕೆ ಹೋಗಿ ನಿಂತರೆ ಮೆಲ್ಲಗೆ ತಿರುಗಿಬಿಡೋರು. ಆಗ ಹೊಳೆಯಿತು. ಎದುರಿಗೆ ಕಾಣೋದು ಅಂದ. ಕಂತೆಯ ಹಿಂದೆ ಯಾವ ಬೆರಳು ಎಷ್ಟು ಒತ್ತುತ್ತಿದೆ ಅನ್ನೋದು ಮಾಡುವವನ ಕಣ್ಣಿಗಷ್ಟೇ ಕಾಣುತ್ತೆ. ಬಚ್ಚಿಡುವ ಜಾಗ ಅದೇ!

ಅವರನ್ನು ಬೈದುಕೊಂಡವನು ನಾನೇನು ಸಾಚಾನಾ? ಮುಂದೆ ಸಿಬಿಲ್‌ನ ಕೊನೆಯಲ್ಲಿ ಒಂದು ಕಂತೆ ಉಂಗುರಬೆರಳಿನ ಸುತ್ತ ತಿರುಗಿ ಒಳಗೆ ಸೇರುವ ಹಾಗೆ ನಾನೇ ಒಂದು ಮುಕ್ತಾಯ ಮಾಡಿಕೊಂಡೆ. ಒಳ್ಳೇ ಹೆಸರು, ಒಳ್ಳೇ ಕ್ಯಾಮೆರಾ, ಒಳ್ಳೇ ಪ್ಯಾಕ್ ಸಿಗಲಿ ಅಂತ ಎಂಟು ತಿಂಗಳು ಮುಚ್ಚಿಟ್ಟೆ. ನಮ್ಮ ಗುಂಪಿನ ಪಿಯುಸಿ ಹುಡುಗ ಒಮ್ಮೆ ಕದ್ದು ನೋಡಿಬಿಟ್ಟ.

‘ಅಣ್ಣಾ, ಅದು ಹೇಗ್ ಮಾಡಿದ್ರಿ?’

‘ಏನಿಲ್ಲ ಕಣೋ, ಸುಮ್ನೆ ಅಭ್ಯಾಸ’ ಅಂದೆ.

ಆ ಹುಡುಗ ನಂಬಿದ. ಅದೇ ಚುಚ್ಚಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಪ್ಯಾಕ್ ಹೊರಗೆ ತೆಗೆಯೋಕೇ ಮನಸ್ಸಾಗಲಿಲ್ಲ.

ಮುಂದಿನ ಭಾನುವಾರ ಅವನನ್ನು ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂರಿಸಿಕೊಂಡೆ. ನನ್ನ ಕಣ್ಣಿಗೆ ಕಂಡಿದ್ದೆಲ್ಲ ಅವನಿಗೂ ಕಾಣಲಿ ಅಂತ. ಮಳೆಗಾಲ ಬೇರೆ. ತೇವಕ್ಕೆ ಎಲೆಗಳು ಉಬ್ಬಿ, ಒಂದಕ್ಕೊಂದು ಅಂಟುತ್ತಿದ್ದವು. ಎರಡು ಗಂಟೆಯಲ್ಲಿ ಅವನಿಗೆ ಬಂತು. ಬಂದದ್ದಷ್ಟೇ ಅಲ್ಲ, ‘ಇಲ್ಲಿ ಕಿರುಬೆರಳು ಯಾಕಣ್ಣಾ? ಅದಿಲ್ಲದೇನೂ ನಿಲ್ಲುತ್ತೆ’ ಅಂದ. ನಿಲ್ಲುತ್ತಿತ್ತು! ಎಂಟು ತಿಂಗಳು ನಾನೊಬ್ಬನೇ ಸುಮ್ನೆ ಆ ಬೆರಳು ನೋಯಿಸಿಕೊಂಡಿದ್ದೆ.

ಹಾಗಂತ ಸಿಕ್ಕಿದ್ದನ್ನೆಲ್ಲ ಹಂಚೋದೂ ಸರಿಯಲ್ಲ. ಕೆಲವರು ಮೂವ್ ತೋರಿಸ್ತಾರೆ, ಕಲಿಸಿರೋದಿಲ್ಲ. ಅಂಥದ್ದನ್ನು ನಾನು ಮನೆಯಲ್ಲಿ ಬಿಡಿಸಿ ಕಲೀತೀನಿ, ಆದರೆ ಇನ್ನೊಬ್ಬರಿಗೆ ಹೇಳಿಕೊಡೋದಿಲ್ಲ. ಒಮ್ಮೆ ಹೊರದೇಶದ ಒಬ್ಬರಿಗೆ ಬರೆದು ಕೇಳಿದೆ. ‘ಗೆಳೆಯರಿಗೆ ಕಲಿಸು, ವಿಡಿಯೋ ಮಾಡಬೇಡ’ ಅಂದರು. ಅಷ್ಟಕ್ಕೇ ನಿಲ್ಲಿಸಿದೆ. ದುಡ್ಡಿಗೆ ಕಲಿಸಿದರೂ ನನಗೆ ತಕರಾರಿಲ್ಲ. ಡ್ಯಾನ್ ಮತ್ತು ಡೇವ್ ಬಕ್ ಎಂಬ ಅವಳಿ ಸಹೋದರರು 2007 ರಲ್ಲಿ ಮೂರು ಡಿವಿಡಿ ಮಾಡಿ ಮಾರಿದರು, ಎಷ್ಟೋ ಜನ ಅದರಿಂದಲೇ ಕಲಿತರು. ನನಗೆ ಸಿಟ್ಟು ಬರೋದು ಒಂದಕ್ಕೇ. ಮೂವ್ ಹಂಚಿ, ಅದನ್ನು ಹುಟ್ಟಿಸಿದವರ ಹೆಸರನ್ನು ನುಂಗಿಬಿಡೋದು.

ಈಗ ನಾನು ವಿಡಿಯೋ ಮಾಡಿದರೆ ಫೋನ್ ನನ್ನ ಭುಜದ ಮೇಲಿಂದ ಕೆಳಗೆ ನೋಡುತ್ತೆ. ಚೆಂದ ಕಾಣಲ್ಲ, ನನ್ನ ಮೂಗಿನ ನೆರಳೂ ಬೀಳುತ್ತೆ.

ಒಂದು ಎಡವಟ್ಟು ಮಾತ್ರ ಆಮೇಲೆ ಗೊತ್ತಾಯಿತು. ಪಕ್ಕದಲ್ಲಿ ಕೂತು ಕಲಿತ ಆ ಹುಡುಗ ನನ್ನಂತೆಯೇ ಎಡಗೈಯಲ್ಲಿ ಕಟ್ ಮಾಡ್ತಾನೆ. ಅವನೂ ಎಡಚನಲ್ಲ. ಮೊನ್ನೆ ಅವನ ತಂಗಿ ಪಾರ್ಕ್‌ಗೆ ಬಂದಿದ್ದಳು. ಬ್ಯಾಗಿನಿಂದ ಪ್ಯಾಕ್ ತೆಗೆದು ಅದೇ ಮುಕ್ತಾಯ ಮಾಡಿ ತೋರಿಸಿದಳು, ಬಲಗೈಯಲ್ಲಿ. ಕೇಳಿದರೆ, ಅಣ್ಣ ಊಟದ ಮೇಜಿನಲ್ಲಿ ಎದುರಿಗೆ ಕೂತು ಕಲಿಸಿದನಂತೆ.